ಡ್ಯಾನ್ಯೂಬ್ ದಂಡೆಗೆ ಇ-ಬೈಕ್: ಇಲ್ಲಿಂದ ಒಯ್ಯುವುದೋ, ಅಲ್ಲೇ ಬಾಡಿಗೆಯೋ?

ಪ್ರಶ್ನೆ: ನಿವೃತ್ತ ದಂಪತಿ ನಾವು. ಜರ್ಮನಿಯ ಪಾಸಾವ್‌ನಿಂದ ಡ್ಯಾನ್ಯೂಬ್ ನದಿಯ ದಂಡೆಯುದ್ದಕ್ಕೂ ಆಸ್ಟ್ರಿಯಾದ ವಿಯೆನ್ನಾವರೆಗೆ ಇ-ಬೈಕಿನಲ್ಲಿ (ಬ್ಯಾಟರಿ ನೆರವಿನ ಸೈಕಲ್) ಹೋಗುವ ಆಸೆ. ಬೈಕ್ ಇಲ್ಲಿಂದಲೇ ಒಯ್ಯಬಹುದೇ? ದಿನಕ್ಕೆ ಎಷ್ಟು ದೂರ ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಒಯ್ಯಲಾಗದು. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಮೀರಿದ ಲಿಥಿಯಂ ಬ್ಯಾಟರಿಗೆ ಅವಕಾಶವಿಲ್ಲ. ಇ-ಬೈಕಿನದ್ದು ಸಾಮಾನ್ಯವಾಗಿ 400ಕ್ಕೂ ಮೇಲೆ. ಪಾಸಾವ್‌ನಲ್ಲೇ ಬಾಡಿಗೆಗೆ ಪಡೆಯಿರಿ. 250 ವ್ಯಾಟ್ ಮೋಟಾರಿನ, ಪೆಡಲ್ ತುಳಿದಾಗ ಮಾತ್ರ ನೆರವಾಗಿ ಗಂಟೆಗೆ 25 ಕಿ.ಮೀ.ಗೆ ನೆರವು ನಿಲ್ಲಿಸುವ ಬೈಕಿಗೆ ಅಲ್ಲಿ ಲೈಸೆನ್ಸ್ ಬೇಡ. 45 ಕಿ.ಮೀ. ವೇಗದ್ದನ್ನು ಕೊಟ್ಟರೆ ಬೇಡವೆನ್ನಿ; ಅದು ಮೊಪೆಡ್ ಲೆಕ್ಕಕ್ಕೆ ಸೇರುತ್ತದೆ.

ದಾರಿ ಸುಮಾರು 320 ಕಿ.ಮೀ., ಬಹುಪಾಲು ಸಮತಟ್ಟು. ದಿನಕ್ಕೆ 45 ಕಿ.ಮೀ. ಸಾಕು. 500 ವ್ಯಾಟ್-ಅವರ್ ಬ್ಯಾಟರಿಯನ್ನು ಕಡಿಮೆ ನೆರವಿನ 'ಇಕೋ' ಹಂತದಲ್ಲೇ ಇಟ್ಟರೆ ಇದಕ್ಕೆ ಧಾರಾಳ. ಅತಿ ಹೆಚ್ಚು ನೆರವಿನ 'ಟರ್ಬೊ' ಹಂತ, ಎದುರುಗಾಳಿ, ಗಾಳಿ ಕಡಿಮೆಯಾದ ಟೈರ್ ಮೂರೂ ಸೇರಿದರೆ ಮಾತ್ರ ಮಧ್ಯಾಹ್ನಕ್ಕೇ ಚಾರ್ಜ್ ಕೈಕೊಟ್ಟೀತು. ಚಾರ್ಜರ್ ಆ ಬೈಕಿನದ್ದೇ ಆಗಿರಲಿ. ಬೇರೆ ಕಂಪನಿಯದ್ದು ಕೂರುವುದಿಲ್ಲ. ಬ್ಯಾಟರಿ ಬೀಗದ ಕೀಲಿಯನ್ನೂ ಕೇಳಿ ಪಡೆಯಿರಿ.

ಅಡ್ಡಕಂಬಿ ತಗ್ಗಿರುವ ಚೌಕಟ್ಟೇ ಆರಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಊರಿದರೆ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ತಗ್ಗಿದ್ದರೆ ಮಂಡಿ ನೋಯುತ್ತದೆ. ಬೈಕಿನ ತೂಕ ಸುಮಾರು 25 ಕೆ.ಜಿ.; ಮೆಟ್ಟಿಲು ಹತ್ತಿಸುವ ಮುನ್ನ ಬ್ಯಾಟರಿ, ಚೀಲ ಬಿಚ್ಚಿಕೊಳ್ಳಿ.

ಷೆಂಗೆನ್ ವೀಸಾಕ್ಕೆ (ಜರ್ಮನಿ, ಆಸ್ಟ್ರಿಯಾ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸೈಕಲ್ ಅಪಘಾತ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ.