ಹಿರಿಯ ಡಾಕ್ಟರ್ ಎಲ್ಲರೆದುರು ಕೂಗಾಡಿದರೆ ಸುಮ್ನೆ ಇರಬೇಕಾ?

ರೌಂಡ್ಸ್ ವೇಳೆ ಹಿರಿಯ ಡಾಕ್ಟರ್ ರೋಗಿಗಳ ಎದುರೇ ನರ್ಸ್‌ಗಳ ಮೇಲೆ ಕೂಗಾಡುತ್ತಾರೆ, ದೂರು ಕೊಡಬೇಕಾ ಅಂತ ಕೇಳಿದ್ದೀರಿ. ಕೊಡಿ. ಆದರೆ ಅವಮಾನ ಆಯ್ತು ಅಂತ ಮಾತ್ರ ಬರೆದು ನಿಲ್ಲಿಸಬೇಡಿ. ರೋಗಿಗೆ ಅದರಿಂದ ಏನಾಯ್ತು, ಏನಾಗಬಹುದಿತ್ತು ಅನ್ನೋದನ್ನೂ ಬರೆಯಿರಿ.

ನಾನು ಐಸಿಯು ನರ್ಸ್. ಒಂದು ರಾತ್ರಿ ಪಾಳಿಯಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಕೇಸ್‌ಶೀಟ್ ಹಿಡಿದು ನಿಂತೇ ಇದ್ದಳು. ಇನ್ಸುಲಿನ್ ಡೋಸ್ 4ರ ಪಕ್ಕ ಯೂನಿಟ್ ಅನ್ನಲು ಬರೆದಿದ್ದ ಇಂಗ್ಲಿಷಿನ 'U' ಅಕ್ಷರ ಸೊನ್ನೆಯಂತೆ ಕಾಣುತ್ತಿತ್ತು. ನಾಲ್ಕು ಯೂನಿಟ್ಟೋ, ನಲವತ್ತೋ? ಫೋನ್ ಎತ್ತಿದಳು, ಮತ್ತೆ ಇಟ್ಟಳು. ಪಕ್ಕದ ಬೆಡ್ ನೋಡಿಕೊಳ್ಳುತ್ತಿದ್ದ ನರ್ಸ್ ಅನ್ನು ಕೇಳಿದಳು, ಆಮೇಲೆ ನನ್ನ ಹತ್ತಿರ ಬಂದಳು. ಬರೆದವರನ್ನೇ ಕೇಳು ಅಂದರೆ, "ಬೈತಾರೆ ಸಿಸ್ಟರ್" ಅಂದಳು. ನಾನೇ ಫೋನ್ ಮಾಡಿದೆ. ನಾಲ್ಕೇ ಯೂನಿಟ್. ನಲವತ್ತು ಕೊಟ್ಟಿದ್ದರೆ ಸಕ್ಕರೆ ಪೂರ್ತಿ ಇಳಿದು ರೋಗಿಯ ಜೀವಕ್ಕೇ ಕುತ್ತು ಬರುತ್ತಿತ್ತು.

ಇದು ಬರೀ ನನ್ನ ಅನುಭವ ಅಲ್ಲ. 2015ರಲ್ಲಿ ಪ್ರಕಟವಾದ ಇಸ್ರೇಲ್‌ನ ಅಧ್ಯಯನವೊಂದರಲ್ಲಿ ನವಜಾತ ಶಿಶುಗಳ ಐಸಿಯುನ 24 ತಂಡಗಳಿಗೆ ಅಣಕು ಚಿಕಿತ್ಸೆ ಮಾಡಿಸಿದರು. ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರಿಂದ ಒರಟು ಮಾತು ಕೇಳಿಸಿದರು. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಕೂಗಾಟ ಕೂಡ ಅಲ್ಲ, ಬರೀ ಒರಟು ಮಾತು! ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2008ರಲ್ಲೇ ಇಂಥ ನಡವಳಿಕೆ ರೋಗಿಗಳಿಗೆ ಅಪಾಯ ಅಂತ ಎಚ್ಚರಿಸಿ, ಆಸ್ಪತ್ರೆಗಳು ನಡವಳಿಕೆಯ ನಿಯಮ ಮಾಡಬೇಕು ಅಂದಿತ್ತು. ನಿಮ್ಮಲ್ಲಿ ಅಂಥ ನಿಯಮ ಇದೆಯಾ ಅಂತ ಮೊದಲು ಕೇಳಿ ನೋಡಿ.

ದೂರಿನಲ್ಲಿ ದಿನಾಂಕ, ಸಮಯ, ಆಡಿದ ಮಾತು, ಅಲ್ಲಿದ್ದವರ ಹೆಸರು ಇರಲಿ. ಅವರು ಅಹಂಕಾರಿ ಅನ್ನುವಂಥ ಮಾತು ಬೇಡ. ಅವತ್ತೇ ಬರೆದಿಡಿ, ವಾರ ಕಳೆದರೆ ವಿವರ ಮರೆತುಹೋಗುತ್ತದೆ.

ಆ ಕ್ಷಣಕ್ಕೆ ಮಾತ್ರ ವಾದಕ್ಕೆ ಇಳಿಯಬೇಡಿ. "ಸರ್, ನನಗೆ ಆತಂಕ ಆಗ್ತಿದೆ. ಇದು ರೋಗಿಯ ಸುರಕ್ಷತೆಯ ವಿಷಯ" ಅಂತ ರೋಗಿಯ ವಿಷಯಕ್ಕೇ ಅಂಟಿಕೊಳ್ಳಿ. ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಿ. ಆಗಲೂ ಆಗದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿ.

ಡಾಕ್ಟರ್‌ಗಳು ಮಾತ್ರ ಹೀಗೆ ಅಂತಲ್ಲ. ಹೊಸಬರನ್ನು ಅಳಿಸುವ ಹಿರಿಯ ನರ್ಸ್‌ಗಳೂ ಇದ್ದಾರೆ, ಅವರ ಮೇಲೂ ಇದೇ ರೀತಿ ಬರೆಯಬೇಕು. ಒಬ್ಬರೇ ಕೊಡಲು ಹೆದರಿಕೆಯಾದರೆ, ಅವತ್ತು ಜೊತೆಗಿದ್ದ ಯಾರಾದರೂ ಒಬ್ಬರನ್ನು ಸಾಕ್ಷಿಯಾಗಿ ಸಹಿ ಹಾಕಲು ಕೇಳಿ.