ಪ್ರತಿ: ಗ್ರಿಡ್‌ನಲ್ಲಿ ಮೊದಲು ಪಿಓ16 ತಗೊಳ್ಲಾ, ಇಎನ್16 ತಗೊಳ್ಲಾ?
ಗ್ರಿಡ್ ಅಂದ್ರೆ ಇಂಟೆಕ್ ಸ್ಟುಡಿಯೋದವರ, ಒಂದಕ್ಕೊಂದು ಜೋಡಿಸಬಹುದಾದ ಮ್ಯೂಸಿಕ್ ಕಂಟ್ರೋಲರ್ ಮಾಡ್ಯೂಲ್‌ಗಳು. ಏಬಲ್‌ಟನ್ ಲೈವ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಒಂದೇ ಮಾಡ್ಯೂಲ್‌ನಿಂದ ನಾಲ್ಕೈದು ಟ್ರ್ಯಾಕ್ ಆಡಿಸ್ಬೇಕು ಅಂದಿದ್ದೀರಲ್ಲ, ಹಾಗಾದ್ರೆ ಕಣ್ಮುಚ್ಚಿಕೊಂಡು ಇಎನ್16 ತಗೊಳ್ಳಿ. ಪಿಓ16ರಲ್ಲಿರೋದು ಪೊಟೆನ್ಷಿಯೋಮೀಟರ್, ಅಂದ್ರೆ ಎರಡೂ ಕಡೆ ಒಂದು ಕೊನೆಗೆ ಬಂದು ನಿಲ್ಲೋ ನಾಬ್. ಟ್ರ್ಯಾಕ್ ಬದಲಿಸಿದಾಗ ನಾಬ್ 100ರಲ್ಲೇ ನಿಂತಿರುತ್ತೆ, ಹೊಸ ಟ್ರ್ಯಾಕಿನ ಫಿಲ್ಟರ್ 20ರಲ್ಲಿರುತ್ತೆ. ಒಂಚೂರು ಮುಟ್ಟಿದ್ರೂ ಸೌಂಡು ಧಡಕ್ಕಂತ ಜಿಗಿಯುತ್ತೆ. ಲೈವ್‌ನಲ್ಲಿ ಟೇಕ್‌ಓವರ್ ಮೋಡನ್ನ (ನಾಬ್ ಒಂದು ಕಡೆ, ಸಾಫ್ಟ್‌ವೇರ್ ಇನ್ನೊಂದು ಕಡೆ ಇದ್ದಾಗ ಏನಾಗ್ಬೇಕು ಅನ್ನೋ ಸೆಟ್ಟಿಂಗ್) ಪಿಕಪ್‌ಗೆ ಇಟ್ರೆ ಜಿಗಿತ ನಿಲ್ಲುತ್ತೆ ನಿಜ, ಆದ್ರೆ ನಾಬ್ 20ಕ್ಕೆ ಬರೋವರೆಗೂ ಎಷ್ಟು ತಿರುಗಿಸಿದ್ರೂ ಫಿಲ್ಟರ್ ಕದಲಲ್ಲ. ಸ್ಟೇಜ್ ಮೇಲೆ ಅದು ಇನ್ನೊಂದು ತಲೆನೋವು. ಇಎನ್16ರಲ್ಲಿರೋ ಎನ್‌ಕೋಡರ್‌ಗೆ ಕೊನೆ ಅನ್ನೋದೇ ಇಲ್ಲ, ರಿಲೇಟಿವ್ ಮೋಡ್‌ಗೆ (ಯಾವ ಕಡೆ ಎಷ್ಟು ತಿರುಗಿಸಿದ್ರಿ ಅನ್ನೋದನ್ನಷ್ಟೇ ಕಳಿಸೋ ಮೋಡ್) ಹಾಕಿದ್ರೆ ಇದ್ದಲ್ಲಿಂದಲೇ ಮುಂದುವರಿಯುತ್ತೆ. ಫೇಡರ್ (ಮೇಲೆ-ಕೆಳಗೆ ಜಾರಿಸೋ ಕಂಟ್ರೋಲ್) ಬೇಕನ್ನಿಸಿದಾಗ ಅದಿರೋ ಪಿಬಿಎಫ್4 ಮಾಡ್ಯೂಲ್ ತಂದು ಪಕ್ಕಕ್ಕಿಡಿ, ಮ್ಯಾಗ್ನೆಟ್ ಟಕ್ಕಂತ ಕಚ್ಚಿಕೊಳ್ಳುತ್ತೆ, ಎರಡಕ್ಕೂ ಒಂದೇ ಯುಎಸ್‌ಬಿ ಕೇಬಲ್ ಸಾಕು. ಮಾಡ್ಯೂಲ್‌ಗೆ ನಾವೇ ಕೋಡ್ ಬರೆಯೋ ಲುವಾ ಸ್ಕ್ರಿಪ್ಟಿಂಗ್ ಗೋಜಿಗೆ ಈಗಲೇ ಹೋಗ್ಬೇಡಿ.