ಎಂಬಿಬಿಎಸ್ ಸೀಟು ಸಿಗದಿದ್ದರೆ ಮತ್ತೆ ನೀಟ್ ಬರೆಯಬೇಕೇ, ನರ್ಸಿಂಗ್ ಅಥವಾ ಡಯಾಲಿಸಿಸ್ ಕೋರ್ಸಿಗೆ ಸೇರಬೇಕೇ?

ರೋಗವನ್ನು ಪತ್ತೆ ಹಚ್ಚಿ ಚಿಕಿತ್ಸೆ ನಿರ್ಧರಿಸುವ ಕೆಲಸವೇ ಬೇಕೆನಿಸಿ, ದೀರ್ಘಕಾಲದ ಓದಿಗೆ ಮನೆಯ ಪರಿಸ್ಥಿತಿಯೂ ಒಪ್ಪುವುದಾದರೆ ಮಾತ್ರ ಮತ್ತೊಮ್ಮೆ ನೀಟ್ ಬರೆಯಿರಿ. ಇಲ್ಲವಾದರೆ ಈ ವರ್ಷವೇ ಬೇರೆ ಕೋರ್ಸಿಗೆ ಸೇರುವುದು ಮೇಲು.

ಇದಕ್ಕೆ ಕಾರಣ ಓದಿನ ಅವಧಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ತಜ್ಞರಾಗಬೇಕಾದರೆ ನೀಟ್-ಪಿಜಿ ಎಂಬ ಇನ್ನೊಂದು ಪ್ರವೇಶ ಪರೀಕ್ಷೆಯನ್ನು ದಾಟಿ, ಎಂ.ಡಿ. ಅಥವಾ ಎಂ.ಎಸ್.ಗೆ ಮತ್ತೆ 3 ವರ್ಷ ಕೊಡಬೇಕು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು 4 ವರ್ಷಗಳ ನಂತರ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಕೆಲಸಕ್ಕೆ ಸೇರಬಹುದು.

ಮರುಪ್ರಯತ್ನ ಫಲಿಸೀತೇ ಎಂಬುದಕ್ಕೆ ಒಟ್ಟು ಅಂಕಕ್ಕಿಂತ ಅಂಕಗಳ ಹಂಚಿಕೆಯನ್ನು ನೋಡಿ: 720ರಲ್ಲಿ 360 ಜೀವಶಾಸ್ತ್ರದ್ದೇ ಆಗಿರುವುದರಿಂದ, ಅಲ್ಲಿ ಚೆನ್ನಾಗಿದ್ದು ಭೌತಶಾಸ್ತ್ರದ ಲೆಕ್ಕಗಳಲ್ಲಷ್ಟೇ ಸೋತಿದ್ದರೆ ಇನ್ನೊಂದು ವರ್ಷದ ಅಭ್ಯಾಸಕ್ಕೆ ಅರ್ಥವಿದೆ.

ಬೇರೆ ಕೋರ್ಸಿಗೆ ಸೇರುವ ಮುನ್ನ ಅದು ಕೊಡುವ ಕೆಲಸವನ್ನು ಹತ್ತಿರದಿಂದ ನೋಡುವುದು ಅಗತ್ಯ. ಡಯಾಲಿಸಿಸ್ ಎಂದರೆ ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಶುದ್ಧಗೊಳಿಸುವುದು. ಇದರ ತಂತ್ರಜ್ಞರು ರೋಗಿಯ ತೋಳಿಗೆ ಎರಡು ಸೂಜಿ ಚುಚ್ಚಿ, ಸುಮಾರು 4 ಗಂಟೆ ಯಂತ್ರವನ್ನೂ ರೋಗಿಯ ರಕ್ತದೊತ್ತಡವನ್ನೂ ಗಮನಿಸುತ್ತಿರಬೇಕಾಗುತ್ತದೆ. ವಾರಕ್ಕೆ ಎರಡು ಮೂರು ಸಲ ಅದೇ ರೋಗಿ ಬರುವುದರಿಂದ ಒಡನಾಟವೂ ಬೆಳೆಯುತ್ತದೆ, ಇದು ಎಲ್ಲರಿಗೂ ಒಗ್ಗುವಂಥದ್ದಲ್ಲ. ಕಾಲೇಜನ್ನು ಆರಿಸುವಾಗ ಕಟ್ಟಡಕ್ಕಿಂತ, ತರಬೇತಿಗೆ ರೋಗಿಗಳಿರುವ ಆಸ್ಪತ್ರೆ ಜೊತೆಗಿದೆಯೇ ಎಂದು ವಿಚಾರಿಸಿ.